ತೆಪ್ಪ ಹತ್ತಿದ ರೇಷ್ಮೆ ಜೋಡು

ಹೊಳೆ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗೊಮ್ಮೆ ಈಗೊಮ್ಮೆ ಕೊಳ್ಳೇಗಾಲದ ನಮ್ಮ ಮನೆಗೆ ಬರುತ್ತಾರೆ. ನೀರಿನ ವೇಗ ಹೇಗೆ ಹಿಡಿಯುತ್ತಿದ್ದಿರಿ, ಆಳ ಹೇಗೆ ತೆಗೆಯುತ್ತಿದ್ದಿರಿ ಎಂದು ಕೇಳುತ್ತಾರೆ. ನಾನು ಉತ್ತರ ಹೇಳುವ ಮೊದಲು ಅವರು ಬಾಗಿಲ ಬಳಿ ಬಿಟ್ಟು ಬಂದ ಜೋಡುಗಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ. ಇವನು ಹೊಳೆಯಲ್ಲಿ ಎಷ್ಟು ದಿನ ಬಾಳುತ್ತಾನೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಈ ಕೆಲಸಕ್ಕೆ ಲೆಕ್ಕ ಬರಬೇಕು, ಈಜು ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಾಲಿಗೆ ಏನು ಹಾಕಿಕೊಳ್ಳಬೇಕು ಎಂದು ಯಾವ ಪುಣ್ಯಾತ್ಮನೂ ಹೇಳುವುದಿಲ್ಲ. ಅದನ್ನು ಕಲಿಯಲು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಸೇರಿದಾಗ ಕೊಳ್ಳೇಗಾಲ ಮದರಾಸಿನವರ ಕೈಯಿಂದ ಮೈಸೂರಿಗೆ ಬಂದು ಕೆಲವು ವರ್ಷಗಳಾಗಿದ್ದವು ಅಷ್ಟೆ. ಕಚೇರಿಯ ಬೀರುವಿನಲ್ಲಿ ತಮಿಳು ಕಾಗದಗಳು, ಗೋದಾಮಿನಲ್ಲಿ ಮದರಾಸು ಕಾಲದ ಸಾಮಾನುಗಳು ಇನ್ನೂ ಉಳಿದಿದ್ದವು. ಶಿವನಸಮುದ್ರದ ಕೆಳಗಿನಿಂದ ಗೋಪಿನಾಥಂವರೆಗೆ ಕಾವೇರಿಯಲ್ಲಿ ತೆಪ್ಪದ ಮೇಲೆ ಇಳಿಯುತ್ತಾ, ಗೊತ್ತು ಮಾಡಿದ ಜಾಗಗಳಲ್ಲಿ ಹೊಳೆಯ ಅಗಲ, ಆಳ, ಓಟ ಅಳೆಯುವುದು ನಮ್ಮ ಕೆಲಸ. ನಮ್ಮ ಕಡೆಯ ತೆಪ್ಪವೆಂದರೆ ಬಿದಿರು ಹೆಣೆದ ದುಂಡನೆಯ ಬುಟ್ಟಿ, ಅದರ ಹೊರಮೈಗೆ ಎಮ್ಮೆ ಚರ್ಮ. ಎರಡೂ ದಡದಲ್ಲಿ ಕಾಡು. ಊರಿಲ್ಲ, ರಸ್ತೆಯಿಲ್ಲ, ಮರಳ ದಿಬ್ಬದ ಮೇಲೆ ಮಲಗು, ಅಲ್ಲೇ ಬೇಯಿಸಿಕೋ. ನೀರು ಬಂಡೆಗಳ ನಡುವೆ ಧುಮುಕುವ ಕಡೆ ತೆಪ್ಪ ನಡೆಯುವುದಿಲ್ಲ. ಅಲ್ಲಿ ಇಳಿದು, ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು, ಪಾಚಿ ಹಿಡಿದ ಬಂಡೆಗಳ ಮೇಲೆ ನಡೆದು ಮತ್ತೆ ನೀರಿಗೆ ಬಿಡಬೇಕು. ಆನೆ, ಮೊಸಳೆ ಎಂದು ಊರಿನವರು ಹೆದರಿಸುತ್ತಿದ್ದರು. ನನಗೆ ಹೆದರಿಕೆ ಇದ್ದದ್ದು ಪಾಚಿಗೆ ಮಾತ್ರ.

ಏಕೆಂದರೆ ನನ್ನ ಬಲಗಾಲಿನ ಗಿಣ್ಣು ಚಿಕ್ಕಂದಿನಿಂದ ಸಡಿಲ. ಕಾಮಗೆರೆಯಲ್ಲಿ ಹುಣಸೆಮರದಿಂದ ಬಿದ್ದು ಉಳುಕಿಸಿಕೊಂಡಿದ್ದೆ. ಊರಲ್ಲೇ ಆಸ್ಪತ್ರೆ ಇದ್ದರೂ ಅವ್ವ ನನ್ನನ್ನು ಪಕ್ಕದ ಬೀದಿಯ ಹೆಂಗಸೊಬ್ಬಳ ಹತ್ತಿರ ಕರೆದುಕೊಂಡು ಹೋದಳು. ಆಕೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಆಕೆ ಪಾಪ, ಮನಸ್ಸಿಟ್ಟೇ ಒದ್ದಳು. ಉಳುಕು ಇದ್ದಲ್ಲೇ ಇತ್ತು, ಮೇಲೆ ಬಾವೂ ಬಂತು. ಅಂದಿನಿಂದ ಒದ್ದೆ ನೆಲ ಕಂಡರೆ ಆ ಗಿಣ್ಣು ಹೊರಳಲು ಕಾಯುತ್ತಿರುತ್ತದೆ.

ಮೊದಲ ಪ್ರಯಾಣದಲ್ಲೇ ಬಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಎದ್ದು ನಿಂತು, ಬಂಡೆ ಸರಿಯಿಲ್ಲ ಎಂದೆ. ನಮ್ಮ ಸೆಕ್ಷನ್ ಆಫೀಸರ್ ಶ್ರೀಕಂಠಯ್ಯನವರು ಮರಳ ಮೇಲೆ ನಿಂತು, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಎರಡನೆಯ ಸಲ ಬಿದ್ದಾಗ ಗಾದೆ ಹೇಳಲಿಲ್ಲ. "ನಂಜಪ್ಪನವರೇ, ಇನ್ನೊಂದು ಸಲ ಕಾಲು ಉಳುಕಿಸಿಕೊಂಡ್ರೆ ನಿಮ್ಮನ್ನ ಯಳಂದೂರು ಆಫೀಸಿಗೆ ಕಳಿಸಿಬಿಡ್ತೀನಿ. ಅಲ್ಲಿ ಕುರ್ಚಿ ಇದೆ, ಫ್ಯಾನ್ ಇದೆ, ಪಾಚಿ ಇಲ್ಲ" ಎಂದರು. ಕುರ್ಚಿ, ಫ್ಯಾನ್ ಎಂದರೆ ಬೇರೆಯವರು ಹಣೆಗೆ ಕುಂಕುಮ ಇಟ್ಟುಕೊಂಡು ಹೊರಡುತ್ತಿದ್ದರು. ನನಗೆ ಅದು ಶಿಕ್ಷೆ. ಬೆಳಿಗ್ಗೆ ಮರಳ ದಿಬ್ಬದ ಮೇಲೆ ಕಣ್ಣು ಬಿಟ್ಟರೆ ಹೊಳೆಯ ಮೇಲೆ ಹೊಗೆಯಂತೆ ಮಂಜು ಏಳುತ್ತಿರುತ್ತಿತ್ತು. ಅದನ್ನು ಬಿಟ್ಟು ಯಳಂದೂರಿನ ಗೋಡೆ ನೋಡುತ್ತಾ ಕೂರುವ ಶಕ್ತಿ ನನಗಿರಲಿಲ್ಲ. ಹೊಳೆ ಉಳಿಯಬೇಕಾದರೆ ಕಾಲು ಉಳಿಯಬೇಕು. ಕಾಲು ಉಳಿಯಬೇಕಾದರೆ ಜೋಡು ಬೇಕು.

ಜೋಡು ಹಾಕಿಕೊಳ್ಳುವುದಕ್ಕೆ ಅಡ್ಡ ನಿಂತವನು ಪೆರುಮಾಳು. ಗೋಪಿನಾಥಂನವನು, ನಮ್ಮ ತೆಪ್ಪ ನಡೆಸುವವನು, ಕನ್ನಡ ತಮಿಳು ಎರಡನ್ನೂ ಒಂದೇ ಬಾಯಲ್ಲಿ ಕಲಸಿ ಆಡುವವನು. ಅವನ ಕಾಲು ಹುಟ್ಟಿದಾಗಿನಿಂದ ಜೋಡು ಕಂಡದ್ದಲ್ಲ. ತೆಪ್ಪ ಗಂಗಮ್ಮನ ಮೊರ, ಅದಕ್ಕೆ ಜೋಡು ಮುಟ್ಟಿಸಬಾರದು ಎಂಬುದು ಅವನ ಕಾನೂನು. ಕಾಲಲ್ಲಿ ಹಾಕಿಕೊಳ್ಳುವುದಿರಲಿ, ಕೈಯಲ್ಲಿ ಹಿಡಿದುಕೊಂಡರೂ ಹತ್ತಿಸುತ್ತಿರಲಿಲ್ಲ. "ಚೆರುಪ್ಪು ದಡದಾಗೇ ಇರ್ಲಿ ಸಾ" ಎನ್ನುತ್ತಿದ್ದ, ಜೋಡಿಗೆ ಅವನ ಬಾಯಲ್ಲಿ ತಮಿಳಿನ ಹೆಸರೇ. ಮೇಲಿನ ದಡದಲ್ಲಿ ಬಿಟ್ಟ ಜೋಡು ಕೆಳಗಿನ ಬಂಡೆಯ ಮೇಲೆ ಏನು ಉಪಯೋಗಕ್ಕೆ ಬರುತ್ತದೆ? ಉಳಿದವರು ಬರಿಗಾಲಿನಲ್ಲೇ ಕೋತಿಗಳಂತೆ ಹಾರಿಕೊಂಡು ಹೋಗುತ್ತಿದ್ದರು. ಅವರ ಕಾಲಿಗೆ ಯಾರೂ ಒದ್ದಿರಲಿಲ್ಲ.

ನಾನು ಉಪಾಯ ಹೂಡಿದೆ. ಗೋದಾಮಿನಲ್ಲಿ ಮದರಾಸು ಕಾಲದ ಗಮ್‌ಬೂಟುಗಳು ಬಿದ್ದಿದ್ದವು, ಮೊಣಕಾಲಿನವರೆಗೆ ಬರುವಂಥವು. ನೀರಿಗೆಂದೇ ಮಾಡಿದ ಬೂಟು, ಕಾಲನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ, ಇನ್ನೇನು ಬೇಕು ಎಂದುಕೊಂಡೆ. ಒಂದು ಜೊತೆಯನ್ನು ಅಕ್ಕಿಯ ಚೀಲದೊಳಗೆ ಹೂತು ತೆಪ್ಪಕ್ಕೆ ಹಾಕಿದೆ. ಮೊದಲ ಧುಮುಕು ಬಂದಾಗ ಎಲ್ಲರೂ ಮುಂದೆ ಹೋಗಲಿ ಎಂದು ಕಾದು, ಬಂಡೆಯ ಮರೆಯಲ್ಲಿ ಬೂಟು ಏರಿಸಿ ನೀರಿಗೆ ಇಳಿದೆ. ಇಳಿದದ್ದೇ ತಡ, ಕಾವೇರಿ ಮೇಲಿನಿಂದ ಬೂಟಿನೊಳಕ್ಕೆ ಇಳಿದಳು. ಒಳಗೆ ಹೋಗುವ ದಾರಿ ಇತ್ತು, ಹೊರಗೆ ಬರುವ ದಾರಿ ಇರಲಿಲ್ಲ. ಒಂದೊಂದು ಕಾಲೂ ಒಂದೊಂದು ನೀರು ತುಂಬಿದ ಕೊಡವಾಯಿತು. ಎತ್ತಲಾಗದೆ ಮಡುವಿನ ನಡುವೆ ಗೂಟ ಹೊಡೆದ ಹಾಗೆ ನಿಂತುಬಿಟ್ಟೆ. ಮಾನ ಬಿಟ್ಟು ಕೂಗಿದೆ. ಪೆರುಮಾಳು ಬಂದು ಕಂಕುಳಿಗೆ ಕೈ ಹಾಕಿ ಎಳೆದ. ನಾನು ಬಂದೆ, ಬೂಟು ಬರಲಿಲ್ಲ. ತಿಳಿನೀರಿನಲ್ಲಿ ಅವೆರಡೂ ಸಾಲಾಗಿ ನಿಂತಿದ್ದವು.

"ಎಲ್ರೂ ಕೋಲ್ನಾಗೆ ಒಳೆ ಅಳೀತಾರೆ. ನಂಜಪ್ಪೋರು ಬೂಟ್ನಾಗೆ ತುಂಬ್ಕಂಡು ಅಳೀತಾವ್ರೆ" ಎಂದ ಪೆರುಮಾಳು. ಎಲ್ಲರೂ ನಕ್ಕರು, ಶ್ರೀಕಂಠಯ್ಯನವರೂ ನಕ್ಕರು. ನಗು ಮುಗಿದ ಮೇಲೆ ಪೆರುಮಾಳು ಕೇಳಿದ. "ಅದ್ಸರಿ ಸಾ, ಈ ಬೂಟು ಬಂದದ್ದು ಎಲ್ಲಿಂದ?"

ಅಕ್ಕಿ ಚೀಲವೆಂದು ಹೇಳಬೇಕಾಯಿತು. ಅವನ ಮುಖ ಕಪ್ಪಿಟ್ಟಿತು. "ಅನ್ನದ ಚೀಲ್ದಾಗೆ ಚೆರುಪ್ಪಾ?" ಎಂದವನೇ ಆ ಅಕ್ಕಿಯನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಆವತ್ತು ಎಲ್ಲರಿಗೂ ಹೊಳೆಯ ಮೀನೇ ಊಟ. ಮೀನು ಮುಟ್ಟದ ಮನೆತನದಲ್ಲಿ ಹುಟ್ಟಿದ ನಾನು ಉಪ್ಪು, ಹಸಿಮೆಣಸಿನಕಾಯಿ ನೆಕ್ಕಿಕೊಂಡು ಕೂತೆ.

ಹಸಿದವನಿಗೆ ನಾಲಿಗೆಯ ಮೇಲೆ ಹತೋಟಿ ಇರುವುದಿಲ್ಲ. ಮರುದಿನ ತೆಪ್ಪದಲ್ಲಿ ಹೋಗುತ್ತಿರುವಾಗ ಪೆರುಮಾಳು ಮತ್ತೆ ಬೂಟಿನ ಮಾತೆತ್ತಿದ. ನಾನು, "ನಿನ್ನ ತೆಪ್ಪಕ್ಕೆ ಹೊದಿಸಿರೋದು ಏನಯ್ಯಾ? ಎಮ್ಮೆ ಚರ್ಮ ತಾನೆ? ಹಂಗಾದ್ರೆ ನಿನ್ನ ತೆಪ್ಪಾನೇ ಒಂದು ದೊಡ್ಡ ಜೋಡು. ನಾವೆಲ್ಲ ಅದರೊಳಗಿರೋ ಕಾಲು" ಎಂದುಬಿಟ್ಟೆ.

ಯಾರೂ ನಗಲಿಲ್ಲ. ಪೆರುಮಾಳು ತೆಪ್ಪವನ್ನು ದಡಕ್ಕೆ ಹಚ್ಚಿದ. ನಮ್ಮನ್ನು, ನಮ್ಮ ಸಾಮಾನನ್ನು ಇಳಿಸಿದ. ತೆಪ್ಪವನ್ನು ತಲೆಗೆ ಕವುಚಿಕೊಂಡು ಕಾಡಿನ ದಾರಿ ಹಿಡಿದು ನಡೆದೇಬಿಟ್ಟ. ಮರಗಳ ಸಂದಿಯಲ್ಲಿ ಅವನ ಎರಡು ಕಾಲು, ಮೇಲೊಂದು ತೆಪ್ಪ ಅಷ್ಟೇ ಕಾಣುತ್ತಿದ್ದವು. ನಾವು ದಡದಗುಂಟ ಎಡವುತ್ತಾ ಗೋಪಿನಾಥಂ ಸೇರುವಷ್ಟರಲ್ಲಿ ನನ್ನ ಗಿಣ್ಣು ಸೌತೆಕಾಯಿಯಂತೆ ಊದಿತ್ತು. ಶ್ರೀಕಂಠಯ್ಯನವರು ಅದನ್ನು ನೋಡಿ, "ಕಾಲಿನ ಮಾತು ಆಮೇಲೆ. ಮೊದಲು ಪೆರುಮಾಳನ್ನ ವಾಪಸ್ ಕರೆದುಕೊಂಡು ಬನ್ನಿ. ಇಲ್ಲದಿದ್ರೆ ನೀವು ಯಳಂದೂರಿನಿಂದ ಆಚೆ ಬರೋಲ್ಲ" ಎಂದರು. ಅವನಂತೆ ಆ ಹೊಳೆ ಇಳಿಸುವವರು ಬೇರೆ ಇರಲಿಲ್ಲ.

ಪೆರುಮಾಳಿನ ಮನೆಯ ಜಗುಲಿಯ ಮೇಲೆ ಕೂತೆ. ಅವನ ಹೆಂಡತಿ ಮಜ್ಜಿಗೆ ಕೊಟ್ಟಳು, ಅವನು ಬೆನ್ನು ಕೊಟ್ಟು ಬಲೆ ಸರಿಮಾಡುತ್ತಿದ್ದ.

"ತಪ್ಪಾಯ್ತು ಕಣಣ್ಣ" ಎಂದೆ. "ಈ ಕಾಲು ನೋಡು. ಇನ್ನೊಂದು ಸಲ ಹೊರಳಿದ್ರೆ ನನ್ನನ್ನ ಹೊಳೆಯಿಂದ ಬಿಡಿಸಿ ಕುರ್ಚಿಗೆ ಕಟ್ಟಿಹಾಕ್ತಾರೆ."

ಅವನು ತಿರುಗಿ ನೋಡಿದ. ಊದಿದ ಗಿಣ್ಣನ್ನು ಎರಡು ಬೆರಳಲ್ಲಿ ಒತ್ತಿದ. ನಾನು ಕಿರುಚಿದೆ. ಅವನಿಗೆ ಸಮಾಧಾನವಾದ ಹಾಗೆ ಕಂಡಿತು. "ತೆಪ್ಪದ ತೊಗಲು ನೀರು ಬಿಟ್ಟು ಬೇರೆ ಕಂಡಿಲ್ಲ ಸಾ. ಪೂಜೆ ಮಾಡೇ ನೀರಿಗೆ ಬುಟ್ಟಿರೋದು. ನಿಮ್ ಜೋಡು ಯಾವ್ಯಾವ ಬೀದಿ ತುಳಿದದೋ ಯಾರ್ ಕಂಡವ್ರೆ? ನೆಲ ತುಳೀದೇ ಇರೋ ಜೋಡಿದ್ರೆ ತತ್ತನ್ನಿ, ಹತ್ತುಸ್ಕತೀನಿ" ಎಂದ. ಅಂಥ ಜೋಡು ಲೋಕದಲ್ಲೇ ಇಲ್ಲವೆಂದು ಅವನ ಧೈರ್ಯ.

ಮನೆಗೆ ಬಂದು ಹೆಂಡತಿ ಗೌರಮ್ಮನಿಗೆ ಹೇಳಿದೆ. ಅವಳ ತವರು ಕೊಳ್ಳೇಗಾಲದಲ್ಲೇ, ಮಗ್ಗದ ಮನೆ. "ಹೊಸದಾಗಿ ಮಾಡಿಸಿ, ನೆಲಕ್ಕೆ ಇಡದೆ ತಗೊಂಡು ಹೋಗಿ. ಇದಕ್ಯಾಕೆ ಇಷ್ಟು ಯೋಚನೆ?" ಎಂದಳು. ಸರಿ, ಸಂತೆಯಲ್ಲಿ ಹಳೆಯ ಮಿಲಿಟರಿ ಸಾಮಾನು ಮಾರುವವನ ಹತ್ತಿರ ಗಿಣ್ಣು ಮುಚ್ಚುವ, ಯಾರೂ ತೊಡದ ಕ್ಯಾನ್ವಾಸ್ ಬೂಟು ಸಿಕ್ಕಿತು. ಕುಳಿತಲ್ಲೇ ಕುಳಿತು ಒಣಗಿ ಅಡಿಯ ರಬ್ಬರು ಬಿರಿದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಜೋಡು ಹೊಲಿಯುವ ಮುನಿಯಣ್ಣನಿಗೆ ಕೊಟ್ಟೆ. ಅವನು ರಬ್ಬರು ಕಿತ್ತು ಟೈರು ಹಾಕುತ್ತೇನೆಂದ. ನಾನು ಬೇಡವೆಂದೆ. ಟೈರು ಬೀದಿಯ ಮೇಲೆ ಓಡಿದ್ದಲ್ಲವೇ, ಪೆರುಮಾಳು ಅದರ ಜಾತಕ ಕೇಳುತ್ತಾನೆ. ಇಬ್ಬರೂ ತಲೆ ಕೆರೆದುಕೊಂಡು, ಅರ್ಧ ದಿನ ಜಗಳವಾಡಿ, ಕೊನೆಗೆ ತೆಂಗಿನ ನಾರಿನ ಹಗ್ಗ ಹೆಣೆದು ಅಡಿಗೆ ಹೊಲಿಸಿದೆವು. ಪಕ್ಕದಲ್ಲಿ ನೀರು ಸೋರಿಹೋಗಲು ತೂತು ಕೊರೆಸಿದೆ. ಗಮ್‌ಬೂಟು ಕಲಿಸಿದ ಪಾಠ ಅದು.

ನಮ್ಮ ಹಿತ್ತಲಲ್ಲಿ ದನ ನೀರು ಕುಡಿಯುವ ಕಲ್ಲಿನ ತೊಟ್ಟಿ ಇತ್ತು, ಒಳಗೆಲ್ಲ ಒಳ್ಳೆಯ ಪಾಚಿ. ಅದರ ಅಂಚಿನ ಮೇಲೆ ಕೂತು ಜೋಡು ಹಾಕಿಕೊಂಡು ಒಳಕ್ಕೆ ಇಳಿದೆ. ನಾರು ಪಾಚಿಯನ್ನು ಕಚ್ಚಿ ಹಿಡಿಯಿತು, ಜಾರಲಿಲ್ಲ. ಆದರೆ ಕ್ಯಾನ್ವಾಸು ನೆನೆದೊಡನೆ ಮೆತ್ತಗಾಗಿ ಗಿಣ್ಣು ತನ್ನ ಹಳೇ ಚಾಳಿ ತೋರಿಸಿತು. ಹತ್ತಿ ಬಟ್ಟೆ ಸುತ್ತಿದರೆ ಅದೂ ಜೋಲು ಬಿತ್ತು. ಎಮ್ಮೆಗೆ ಬಾಯಾರಿತ್ತು, ತೊಟ್ಟಿಯಲ್ಲಿ ನಾನಿದ್ದೆ. ಅದು ನನ್ನನ್ನೇ ನೋಡುತ್ತಾ ನಿಂತಿತ್ತು.

ಗೌರಮ್ಮ ಒಳಗೆ ಹೋಗಿ ಒಂದು ಸೀರೆ ತಂದಳು. ಅವಳ ಅಪ್ಪನ ಮಗ್ಗದಲ್ಲಿ ಬಣ್ಣ ಕಲೆಯಾಗಿ ಮಾರಾಟವಾಗದೆ ಉಳಿದ ರೇಷ್ಮೆ ಸೀರೆ. ಅಂಚಿನ ಭಾಗವನ್ನು ಉದ್ದಕ್ಕೆ ಕತ್ತರಿಸಿ, ಪಾದದ ಕೆಳಗಿಂದ ತಂದು ಗಿಣ್ಣಿನ ಸುತ್ತ ಅಡ್ಡಡ್ಡ ಬಿಗಿದು ಕಟ್ಟಿದಳು. ಒತ್ತಾಗಿ ನೇಯ್ದ ರೇಷ್ಮೆ ನೆನೆದಷ್ಟೂ ಬಿಗಿಯಾಗಿ ಕೂತಿತು. ತೊಟ್ಟಿಯಲ್ಲಿ ಆಚೆಗೂ ಈಚೆಗೂ ನಡೆದೆ, ಕುಣಿದೆ. ಗಿಣ್ಣು ತೆಪ್ಪಗಿತ್ತು. ನಮ್ಮತ್ತೆ ಬಂದು ನೋಡಿ ಎದೆ ಬಡಿದುಕೊಂಡರು. "ಪಟ್ಟೆ ಸೀರೇನ ಕಾಲಿಗೆ ಸುತ್ತೀಯೇನೇ ಮುಂಡೇದೇ?"

"ನಿನ್ ಅಳಿಯ ಯಳಂದೂರಿಗೆ ಓದ್ರೆ ಮನೆ ಕೂಡ ಅಲ್ಲಿಗೇ ಓಯ್ತದೆ. ಆಮೇಕೆ ನೀನು ದಿನಾ ಬಂದು ನನ್ನ ಬಯ್ಯಕ್ಕಾಗಲ್ಲ ನೋಡವ್ವ" ಎಂದಳು ಗೌರಮ್ಮ. ಅತ್ತೆ ಕತ್ತರಿಸಿ ಉಳಿದ ಸೀರೆಯನ್ನು ಮಡಿಸತೊಡಗಿದರು.

ಜೋಡನ್ನು ತೊಳೆದು, ಒಣಗಿಸಿ, ಉಳಿದ ರೇಷ್ಮೆಯಲ್ಲಿ ಗಂಟು ಕಟ್ಟಿ, ನೆಲಕ್ಕೆ ತಾಕದಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ಹನೂರಿನಲ್ಲಿ ಬಸ್ಸು ಬದಲಿಸಬೇಕು. ಮರದಡಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದೆ. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬಂದು, "ಮಾದಪ್ಪನಿಗಾ ಸಾಮಿ?" ಎಂದಳು. ಏನು ಹೇಳಲಿ? ಗಂಟನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದೆ. ಅದನ್ನೇ ಹೂಂ ಎಂದುಕೊಂಡು ಅವಳು ಗಂಟಿಗೆ ಕುಂಕುಮ ಹಚ್ಚಿ, ತುರುಬಿನ ಸೇವಂತಿಗೆ ತೆಗೆದು ಮೇಲಿಟ್ಟು, ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಬಸ್ಸು ಬರದೇ ಇದ್ದಿದ್ದರೆ ಅಲ್ಲೇ ಮಂಗಳಾರತಿಯೂ ಆಗಿಬಿಡುತ್ತಿತ್ತು.

ಗೋಪಿನಾಥಂನಲ್ಲಿ ಪೆರುಮಾಳು ಗಂಟು ಬಿಚ್ಚಿದ. ಕುಂಕುಮ ನೋಡಿದ, ಹೂವು ನೋಡಿದ. "ಪೂಜೆನೂ ಆಗದಾ?" ಎಂದ.

"ಹನೂರಲ್ಲಾಯ್ತು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನು ಜೋಡನ್ನು ತಿರುಗಿಸಿ ಮುರುಗಿಸಿ ನೋಡಿದ. ಅಡಿಯಲ್ಲಿ ತೆಂಗಿನ ನಾರು, ಅದು ದೇವರ ಮರದ್ದು. ಚರ್ಮವಿಲ್ಲ, ಬೀದಿಯ ಧೂಳಿಲ್ಲ. ಮೇಲೆ ಜರಿಯಂಚಿನ ರೇಷ್ಮೆ. ರೇಷ್ಮೆಗೆ ಮೈಲಿಗೆ ಇಲ್ಲವೆಂಬುದು ಅವನಿಗೂ ಗೊತ್ತು. ಬಹಳ ಹೊತ್ತು ಗಲ್ಲ ಕೆರೆದುಕೊಂಡು ತೀರ್ಪು ಕೊಟ್ಟ. "ಇದು ಚೆರುಪ್ಪಲ್ಲ ಸಾ. ಕಾಲಿಗೆ ಸೀರೆ ಉಡ್ಸಿದೀರಿ ಅಷ್ಟೆ. ಸೀರೆ ಉಟ್ಕಂಡು ಬಂದೋರ್ನ ಗಂಗಮ್ಮ ಬ್ಯಾಡ ಅಂದಾಳಾ? ಆದ್ರೆ ಇವು ಒಳೆ ಬುಟ್ಟು ಬೇರೆ ಕಡೆ ಓಗಂಗಿಲ್ಲ." ಹಾಗೆ ನನ್ನ ಜೋಡು ಪೆರುಮಾಳಿನ ಮನೆಯ ಸೂರಿನಲ್ಲಿ ಬಲೆಗಳ ಪಕ್ಕ ನೇತಾಡತೊಡಗಿತು. ಹೊಳೆಗಿಳಿದಾಗ ಮಾತ್ರ ನನ್ನ ಕಾಲಿಗೆ ಬರುತ್ತಿತ್ತು.

ಅಷ್ಟರಲ್ಲಿ ನನ್ನ ಕಾಲಿನ ಸುದ್ದಿ ಮೇಲಿನವರೆಗೆ ಹೋಗಿತ್ತು. ದೊಡ್ಡ ಇಂಜಿನಿಯರ್ ಸಾಹೇಬರು ತಾವೇ ಹೊಳೆ ಇಳಿದು ನೋಡಿ, ಕಾಲು ಸರಿಯಿಲ್ಲದ ನೌಕರನನ್ನು ಯಳಂದೂರಿಗೆ ಹಾಕುವ ತೀರ್ಮಾನ ಮಾಡುತ್ತಾರೆಂದು ಶ್ರೀಕಂಠಯ್ಯನವರು ಹೇಳಿದರು. ಅವರಿಗೂ ಬೇಸರವಿತ್ತು. "ನನ್ನ ಕೈಲಿ ಇಲ್ಲಪ್ಪಾ ಈಗ" ಎಂದರು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಸಾಹೇಬರು ಜೀಪಿನಿಂದ ಇಳಿದರು. ಕಾಲಲ್ಲಿ ಕನ್ನಡಿಯಂತೆ ಹೊಳೆಯುವ ಚರ್ಮದ ಬೂಟು. ತೆಪ್ಪದ ಹತ್ತಿರ ಬಂದಾಗ ಪೆರುಮಾಳು ಹುಟ್ಟನ್ನು ಅಡ್ಡ ಹಿಡಿದ. "ಬೂಟು ಬುಟ್ಬುಡಿ ಸಾ."

"ಯಾರ್ರೀ ಇವನು?" ಎಂದರು ಸಾಹೇಬರು. ಶ್ರೀಕಂಠಯ್ಯನವರು ಬೆವರು ಒರೆಸಿಕೊಂಡರು. ಪೆರುಮಾಳು ಕದಲಲಿಲ್ಲ. ಕೊನೆಗೆ ಸಾಹೇಬರು ಬೂಟು ಬಿಚ್ಚಿ, ಇದನ್ನು ಕಾಯುವವರು ಯಾರು ಎಂದರು. ಶ್ರೀಕಂಠಯ್ಯನವರು ತಾವೇ ಕಾಯುತ್ತೇನೆಂದು ಅದನ್ನು ಎದೆಗವಚಿಕೊಂಡು ದಡದಲ್ಲೇ ಉಳಿದರು. ಹೊಳೆಯಲ್ಲಿ ಸಾಹೇಬರ ಜೊತೆ ಹೋಗುವುದಕ್ಕಿಂತ ಅವರ ಬೂಟಿನ ಜೊತೆ ಕೂರುವುದು ಅವರಿಗೆ ಹಿತವಾಗಿ ಕಂಡಿರಬೇಕು.

ಮೊದಲ ಧುಮುಕಿನ ಹತ್ತಿರ ತೆಪ್ಪದಿಂದ ಇಳಿದೆವು. ಸಾಹೇಬರು ಬರಿಗಾಲಿನಲ್ಲಿ ಬಂಡೆ ಹತ್ತಿದರು, ಅಲ್ಲೇ ಜಾರಿ ಕೂತರು. ಎದ್ದರು, ಮತ್ತೆ ಕೂತರು. ಎರಡನೆಯ ಸಲ ಅವರ ಗಿಣ್ಣು ಮಾಡಿದ ಸದ್ದು ನನಗೆ ಚೆನ್ನಾಗಿ ಪರಿಚಯವಿದ್ದದ್ದು. ನಾನು ನನ್ನ ಎಡಗಾಲಿನ ರೇಷ್ಮೆ ಬಿಚ್ಚಿ, ಗೌರಮ್ಮ ಕಟ್ಟಿದ ಹಾಗೆ ಅವರ ಪಾದದಡಿಯಿಂದ ತಂದು ಗಿಣ್ಣಿಗೆ ಬಿಗಿದೆ. ಅವರ ಕೈಯನ್ನು ಹೆಗಲಿಗೆ ಹಾಕಿಕೊಂಡು ಬಂಡೆಯಿಂದ ಬಂಡೆಗೆ ದಾಟಿಸಿದೆ. ನಾರಿನ ಅಡಿ ಒಂದು ಕಡೆಯೂ ಮೋಸ ಮಾಡಲಿಲ್ಲ. ಪೆರುಮಾಳು ತೆಪ್ಪದ ಕೆಳಗಿನಿಂದ, "ಮೆಲ್ಲುಗೆ, ಮೆಲ್ಲುಗೆ" ಎನ್ನುತ್ತಾ ಮುಂದೆ ನಡೆದ.

ಅರ್ಧ ದಾರಿಯಲ್ಲಿ ಸಾಹೇಬರು ಏದುಸಿರು ಬಿಡುತ್ತಾ ಕೇಳಿದರು. "ಅಲ್ಲಪ್ಪಾ, ಆ ಕಾಲುನೋವಿನ ಗಿರಾಕಿ ಎಲ್ಲಿ? ಅವನನ್ನ ನೋಡೋಕೆ ಅಂತಲೇ ಬಂದೆ ನಾನು."

"ನಾನೇ ಸರ್" ಎಂದೆ.

ಅವರು ನಿಂತರು. ನನ್ನ ಕಾಲು ನೋಡಿದರು. ಜರಿಯಂಚು ಸುತ್ತಿದ ತಮ್ಮ ಕಾಲು ನೋಡಿಕೊಂಡರು. "ನಡಿ, ನಡಿ. ಬೀಳಿಸಬೇಡ" ಎಂದರು ಅಷ್ಟೆ. ಕೆಳಗೆ ದಡ ಸೇರಿದ ಮೇಲೆ, ಜೀಪಿನಲ್ಲಿ ಕಾಡುದಾರಿ ಸುತ್ತಿ ಬಂದು ಕಾಯುತ್ತಿದ್ದ ಶ್ರೀಕಂಠಯ್ಯನವರ ಕೈಯಿಂದ ಬೂಟು ತೆಗೆದುಕೊಂಡು, ಒಂದು ಕಾಲಿಗೆ ಏರಿಸಿ, ಇನ್ನೊಂದು ಏರದೆ ಕೈಯಲ್ಲೇ ಹಿಡಿದುಕೊಂಡು ಜೀಪು ಹತ್ತಿದರು. "ಯಳಂದೂರಿಗೆ ಬೇರೆ ಯಾರನ್ನಾದರೂ ನೋಡಿ. ಇವನು ಹೊಳೇಲೇ ಇರಲಿ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಮುಚ್ಚಿಕೊಳ್ಳಲು ಬಗ್ಗಿ ಜೋಡಿನ ದಾರ ಕಟ್ಟಿದೆ. ರೇಷ್ಮೆ ಮಾತ್ರ ಸಾಹೇಬರ ಕಾಲಲ್ಲೇ ಹೋಯಿತು. ಗೌರಮ್ಮ ಇನ್ನೊಂದು ಪಟ್ಟಿ ಕತ್ತರಿಸಬೇಕಾಯಿತು.

ಆವತ್ತು ಪೆರುಮಾಳು ನನ್ನನ್ನು ಪಕ್ಕಕ್ಕೆ ಕರೆದ. ಹುಟ್ಟಿನ ತುದಿಯಿಂದ ಮರಳು ಕೆದಕುತ್ತಾ, "ಸಾ, ನಂಗೂ ಅಂತದೊಂದು ಜೊತೆ ಮಾಡುಸ್ಕೊಡಾಕಾಯ್ತದಾ?" ಎಂದ. ನನಗೆ ಗೆದ್ದಷ್ಟು ಸಂತೋಷವಾಯಿತು. ಬಿರುಕು ಬಿಟ್ಟ, ಆಣಿ ಎದ್ದ ಆ ಕಾಲುಗಳಿಗೆ ಕೊನೆಗೂ ಸುಖ ಬಂತು ಎಂದುಕೊಂಡೆ. ಅವನ ಪಾದದ ಅಗಲಕ್ಕೆ ಯಾವ ಕ್ಯಾನ್ವಾಸೂ ಸಾಲದೆ ಮುನಿಯಣ್ಣ ಮುಂಭಾಗ ಸೀಳಿ ಹೊಸ ಬಟ್ಟೆ ಕೂಡಿಸಿ ಹೊಲಿದ. ಗೌರಮ್ಮ ಸೀರೆಯ ಸೆರಗಿನ ಕಡೆಯ ಅತಿ ಚೆಂದದ ಅಂಚು ಆರಿಸಿ ಕೊಟ್ಟಳು. ಪೆರುಮಾಳು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ಮುಂದಿನ ಪ್ರಯಾಣಕ್ಕೆ ಅವನು ಬರಿಗಾಲಿನಲ್ಲೇ ಬಂದ. ಅದರ ಮುಂದಿನದಕ್ಕೂ ಹಾಗೇ. ಕೇಳಿದರೆ, "ಮನೇಲವೆ ಸಾ" ಎನ್ನುತ್ತಿದ್ದ. ಅಳತೆ ತಪ್ಪಿತೋ, ಕಚ್ಚುತ್ತದೋ ಎಂದು ನಾನು ಮುನಿಯಣ್ಣನನ್ನು ಬೈದೂ ಬಂದೆ. ಒಂದು ದಿನ ಹನೂರು ಸಂತೆಯಲ್ಲಿ, ಸುಡುವ ಬಿಸಿಲಲ್ಲಿ, ಒಣ ರಸ್ತೆಯ ಮೇಲೆ ಪೆರುಮಾಳು ನಡೆದು ಬರುತ್ತಿದ್ದ. ಬಿಳಿ ಪಂಚೆ, ಹೆಗಲಿಗೆ ಟವಲು, ಕಾಲಲ್ಲಿ ನಮ್ಮ ಜೋಡು. ರೇಷ್ಮೆಯ ಅಂಚು ಕಾಣಲೆಂದು ಪಂಚೆಯನ್ನು ಮೇಲಕ್ಕೆ ಎತ್ತಿ ಕಟ್ಟಿದ್ದ. ಜನ ದಾರಿ ಬಿಡುತ್ತಿದ್ದರು. ಪಕ್ಕದಲ್ಲಿ ಅವನ ಹೆಂಡತಿ ಎಲ್ಲರ ಮುಖವನ್ನೂ ನೋಡುತ್ತಾ ನಡೆಯುತ್ತಿದ್ದಳು.

"ಏನಣ್ಣ ಇದು, ಹೊಳೆಗೆ ಅಂತ ಮಾಡಿಸಿದ್ದಲ್ವಾ?" ಎಂದೆ.

ಪೆರುಮಾಳು ನನ್ನ ಬುದ್ಧಿಗೆ ಮರುಗುವವನಂತೆ ನೋಡಿದ. "ಅಲ್ಲ ಸಾ, ಇಷ್ಟು ಚೆಂದಾಗವೆ. ನೀರಿಗೆ ಆಕ್ಕಂಡ್ರೆ ಕೆಟ್ಟೋಯ್ತವಲ್ಲ" ಎಂದ.

ಮರುವಾರ ಹೊಳೆಗಿಳಿದೆವು. ಮಳೆ ಬಂದು ನೀರು ಏರಿತ್ತು, ಬಂಡೆಗಳೆಲ್ಲ ಎಣ್ಣೆ ಸವರಿದ ಹಾಗಿದ್ದವು. ನಾನು ನಾರಿನ ಅಡಿಯ, ರೇಷ್ಮೆ ಬಿಗಿದ ಜೋಡು ಹಾಕಿಕೊಂಡು ಬಂಡೆಯ ತುದಿಯಲ್ಲಿ ಹಿಂದೆ ಮುಂದೆ ನೋಡುತ್ತಾ ನಿಂತಿದ್ದೆ. ಬರಿಗಾಲಿನ ಪೆರುಮಾಳು ಆಚೆಯ ಬಂಡೆಯಿಂದ ಕೈ ಚಾಚಿದ. ನಾನು ಆ ಕೈ ಹಿಡಿದುಕೊಂಡು ದಾಟಿದೆ.